ಟೇಬಲ್ ಸಾ ತಗೊಳ್ಳುವಾಗ ಎಚ್‌ಪಿ ಆಮೇಲೆ, ಮೊದಲು ಫೆನ್ಸ್ ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಪ್ಲೈವುಡ್ ಮೇಜಿನ ಅಡಿಗೆ ಏಳಿಂಚಿನ ಸರ್ಕ್ಯುಲರ್ ಸಾ ತಲೆಕೆಳಗಾಗಿ ಕಟ್ಟಿಕೊಂಡು ಇಷ್ಟು ದಿನ ಸಾಗಿಸಿದ್ದೀರಿ, ಈಗ ಸರಿಯಾದ ಟೇಬಲ್ ಸಾ ಬೇಕು. ಮನೆ ಹಿಂದಿನ ಶೆಡ್, ಸಿಂಗಲ್ ಫೇಸ್ ಕರೆಂಟ್. ಕೆಲಸ ಹೆಚ್ಚಾಗಿ ಪ್ಲೈವುಡ್ ಕಪಾಟು, ಆಗಾಗ ತೇಗದ ಮೇಜು. ಹತ್ತಿಂಚಿನ ಬ್ಲೇಡಿನ ಪೋರ್ಟಬಲ್ ತಗೊಳ್ಳೋದಾ, ಲೋಕಲ್ ಕ್ಯಾಸ್ಟ್ ಐರನ್ ಮೆಷಿನ್ನಾ, ಇಲ್ಲ ಅಮೆರಿಕದಿಂದ ಬರುವ ಭಾವನ ಕೈಲಿ ತರಿಸೋದಾ ಅಂತ ಕೇಳಿದ್ದೀರಿ.

ಪೋರ್ಟಬಲ್ ತಗೊಳ್ಳಿ. ನಾನು ಮನೆಯಲ್ಲಿ ಮಾಡುವುದೂ ಇದೇ ಥರದ ಕೆಲಸ, ಎರಡೂ ಬಗೆಯ ಮೆಷಿನ್ ಬಳಸಿದ್ದೇನೆ.

ಅಂಗಡಿಯವರು ಮೊದಲು ಹೇಳುವುದು ಎಚ್‌ಪಿ. ನೀವು ಮೊದಲು ಫೆನ್ಸ್ ನೋಡಿ, ಅಂದರೆ ಬ್ಲೇಡಿನ ಪಕ್ಕ ನಿಲ್ಲುವ, ಹಲಗೆಯನ್ನು ಒತ್ತಿ ತಳ್ಳಲು ಬೇಕಾದ ಅಳತೆಗೆ ಸರಿಸುವ ಪಟ್ಟಿ. ಪ್ಲೈವುಡ್ ಹಾಳೆಯ ಅಗಲ 1220 ಮಿ.ಮೀ., ಅಂದರೆ ಅರ್ಧ 610. ಬ್ಲೇಡಿನಿಂದ ಫೆನ್ಸ್ 610 ಮಿ.ಮೀ. ದೂರ ಹೋದರೆ ಸಾಕು, ಹಾಳೆಯಲ್ಲಿ ಯಾವ ಅಗಲದ ಪಟ್ಟಿ ಬೇಕಾದರೂ ಯಾವುದೋ ಒಂದು ಕಡೆಯಿಂದ ಅಳತೆ ಹಿಡಿದು ಕೊಯ್ಯಬಹುದು. ಡಿವಾಲ್ಟ್ ಡಿಡಬ್ಲ್ಯೂಇ 7492ರಲ್ಲಿ 825 ಮಿ.ಮೀ. ಸಿಗುತ್ತದೆ, 2000 ವಾಟ್ ಮೋಟಾರು. ಅದರ ಫೆನ್ಸ್ ಹಲ್ಲಿನ ಪಟ್ಟಿಯ ಮೇಲೆ ಹೋಗುತ್ತದೆ. ನಾಬ್ ತಿರುಗಿಸಿದರೆ ಮುಂದೆ ಹಿಂದೆ ಎರಡೂ ತುದಿ ಒಟ್ಟಿಗೆ ಸರಿಯುತ್ತವೆ, ಬ್ಲೇಡಿಗೆ ಸಮಾನಾಂತರ ತಪ್ಪುವುದಿಲ್ಲ. ಬಾಷ್ ಜಿಟಿಎಸ್ 10 ಜೆ ಗಟ್ಟಿ ಮೆಷಿನ್ನೇ, 1800 ವಾಟ್, ಆದರೆ ಬಲಕ್ಕೆ ಅರ್ಧ ಮೀಟರ್ ಕೂಡ ಸಿಗುವುದಿಲ್ಲ. ಕಪಾಟು ಮಾಡುವವರಿಗೆ ಅದು ಬೇಗ ಕಿರಿಕಿರಿ ಆಗುತ್ತದೆ.

ಯಾವುದೇ ಆಗಲಿ, ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಪ್ಲಗ್ ತೆಗೆಸಿ. ಬ್ಲೇಡಿನ ಒಂದು ಹಲ್ಲಿಗೆ ಪೆನ್ನಲ್ಲಿ ಗುರುತು ಹಾಕಿ. ಆ ಹಲ್ಲನ್ನು ಮುಂದಕ್ಕೆ ತಂದು ಮೈಟರ್ ಗೇಜ್ (ಹಲಗೆಯನ್ನು ಅಡ್ಡ ಕೊಯ್ಯುವಾಗ ಹಿಡಿಯುವ ಸಾಧನ) ಓಡುವ ಮೇಜಿನ ತೋಡಿನಿಂದ ಅದಕ್ಕೆ ಎಷ್ಟು ದೂರ ಅಂತ ಅಳೆಯಿರಿ. ಆಮೇಲೆ ಬ್ಲೇಡನ್ನು ಕೈಯಲ್ಲೇ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ಒಯ್ದು ಮತ್ತೆ ಅಳೆಯಿರಿ. ಅದೇ ಹಲ್ಲು ಯಾಕೆ ಅಂದರೆ, ಬ್ಲೇಡ್ ಸ್ವಲ್ಪ ಸೊಟ್ಟಗಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ವ್ಯತ್ಯಾಸ ಬಂದರೆ ಸರಿಮಾಡುವ ಬೋಲ್ಟ್ ಎಲ್ಲಿದೆ ಅಂತ ಕೇಳಿ. ಕೊನೆಗೆ ಫೆನ್ಸ್ ಲಾಕ್ ಮಾಡಿ ಹಿಂದಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ. ಅಲುಗಾಡಿತೋ, ಆ ಮೆಷಿನ್ ಬೇಡ.

ಫೆನ್ಸ್ ಆದಮೇಲೆ ರೈವಿಂಗ್ ನೈಫ್. ಬ್ಲೇಡಿನ ಬೆನ್ನಿಗೇ ನಿಂತು, ಬ್ಲೇಡ್ ಏರಿದಾಗ ಏರುವ, ಇಳಿದಾಗ ಇಳಿಯುವ ಉಕ್ಕಿನ ತಗಡು ಅದು. ತೇಗ ಸೀಳುವಾಗ ಒಳಗಿನ ಬಿಗಿತ ಸಡಿಲವಾಗಿ ಸೀಳಿದ ಎರಡು ಭಾಗಗಳು ಮತ್ತೆ ಹತ್ತಿರ ಬರುತ್ತವೆ, ಬ್ಲೇಡನ್ನು ಹಿಂದೆ ಹಿಡಿದುಕೊಳ್ಳುತ್ತವೆ. ಆಗ ಹಲಗೆ ನೇರ ನಿಮ್ಮ ಹೊಟ್ಟೆಯ ಕಡೆ ಬರುತ್ತದೆ. 254 ಮಿ.ಮೀ. ಬ್ಲೇಡ್ ನಿಮಿಷಕ್ಕೆ 3650 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 175 ಕಿ.ಮೀ., ನೀವೇ ಯೋಚಿಸಿ. ಎಷ್ಟೋ ಲೋಕಲ್ ಮೆಷಿನ್‌ಗಳಲ್ಲಿ ಈ ತಗಡೇ ಇರುವುದಿಲ್ಲ. ಕೇಳಿದರೆ ‘ಬಡಗಿಗಳು ಬಿಚ್ಚಿ ಎಸೀತಾರೆ ಸಾರ್’ ಅಂತಾರೆ. ಬೇರೆ ಬ್ಲೇಡ್ ಹಾಕುವಾಗಲೂ ಜೋಪಾನ, ತಗಡಿನ ದಪ್ಪ ಬ್ಲೇಡಿನ ಮೈಗಿಂತ ಜಾಸ್ತಿ, ಹಲ್ಲು ಕೊಯ್ಯುವ ಸೀಳಿನ ಅಗಲಕ್ಕಿಂತ ಕಡಿಮೆ ಇರಬೇಕು. ಸುಮ್ನೆ ತೆಳು ಬ್ಲೇಡ್ ತಂದರೆ ಹಲಗೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.

ಹಾಗಂತ ಕ್ಯಾಸ್ಟ್ ಐರನ್ ಕೆಟ್ಟದ್ದಲ್ಲ. ಬೆಲ್ಟ್ ಮೇಲೆ ಓಡುವ ಇಂಡಕ್ಷನ್ ಮೋಟಾರಿನ ಸದ್ದು ಎಷ್ಟೋ ಕಡಿಮೆ, ಭಾರಕ್ಕೆ ನಡುಗುವುದಿಲ್ಲ, ಎರಡಿಂಚಿನ ತೇಗ ದಿನವಿಡೀ ಸೀಳಿದರೂ ಸುಸ್ತಾಗುವುದಿಲ್ಲ. ಪೋರ್ಟಬಲ್‌ನ ಕಿರುಚಾಟಕ್ಕೆ ಪಕ್ಕದ ಮನೆಯವರು ಬಂದೇ ಬರ್ತಾರೆ! ನಿಮ್ಮ ಕೆಲಸ ಮುಕ್ಕಾಲು ಪಾಲು ಗಟ್ಟಿ ಮರ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಸಿಂಗಲ್ ಫೇಸ್‌ನಲ್ಲಿ 3 ಎಚ್‌ಪಿ ಮೋಟಾರು ಸ್ಟಾರ್ಟ್ ಆಗುವಾಗ ಕೆಲವು ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ, ಮನೆಯ ದೀಪ ಮಂಕಾಗುತ್ತದೆ, ಎಂಸಿಬಿ ಬೀಳುತ್ತದೆ. ಅದನ್ನೇ ತಗೊಳ್ಳುವುದಾದರೆ 2 ಎಚ್‌ಪಿಗೆ ನಿಲ್ಲಿ, ಮೀಟರ್ ಬೋರ್ಡಿನಿಂದ ಪ್ರತ್ಯೇಕ ವೈರ್ ಎಳೆಸಿ.

ಇನ್ನೊಂದು ಮಾತು ನಮ್ಮ ಊರುಗಳಿಗಂತೂ ಮುಖ್ಯ. ಕೊಯ್ಯುತ್ತಿರುವಾಗ ಕರೆಂಟ್ ಹೋಯಿತು, ನೀವು ಹಲಗೆ ಬಿಡಿಸಲು ಬ್ಲೇಡಿನ ಹತ್ತಿರ ಕೈ ಹಾಕಿದಿರಿ, ಅಷ್ಟರಲ್ಲಿ ಕರೆಂಟ್ ಬಂತು. ಸಾಧಾರಣ ಸ್ವಿಚ್ ಇದ್ದರೆ ಮೆಷಿನ್ ತಾನೇ ಶುರುವಾಗುತ್ತದೆ. ಹಾಗಾಗಿ ಕರೆಂಟ್ ಹೋದಕೂಡಲೇ ತಾನೇ ಆಫ್ ಆಗುವ ನೋ-ವೋಲ್ಟ್ ಸ್ವಿಚ್ ಇದೆಯಾ ಅಂತ ಕೇಳಿ. ಲೋಕಲ್ ಮೆಷಿನ್ನಿಗೆ ಪಂಪ್‌ಸೆಟ್ಟಿಗೆ ಹಾಕುವಂಥ ಡಿಓಎಲ್ ಸ್ಟಾರ್ಟರನ್ನೇ ಹಾಕಿಸಬಹುದು, ಅದೂ ಇದೇ ಕೆಲಸ ಮಾಡುತ್ತದೆ. ಹಸಿರು ಬಟನ್ ಮತ್ತೆ ಒತ್ತುವವರೆಗೆ ಮೋಟಾರು ತಿರುಗದು.

ಅಮೆರಿಕದ್ದು ಬೇಡ. ಅಲ್ಲಿನ ಪೋರ್ಟಬಲ್‌ಗಳು 120 ವೋಲ್ಟ್, 15 ಆಂಪ್, ಅಂದರೆ 1800 ವಾಟ್. ಇಲ್ಲಿ ಓಡಿಸಲು ಸುಮಾರು 3 ಕೆವಿಎ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ದೊಡ್ಡ ಮೆಷಿನ್‌ಗಳ ಇಂಡಕ್ಷನ್ ಮೋಟಾರು 60 ಹರ್ಟ್ಸ್‌ಗೆ ಮಾಡಿದ್ದು, ನಮ್ಮ 50ರಲ್ಲಿ ಆರನೇ ಒಂದು ಭಾಗ ವೇಗ ಕಮ್ಮಿ. ಅಲ್ಲಿನ ಬ್ಲೇಡ್ ತೂತು 15.88 ಮಿ.ಮೀ., ಇಲ್ಲಿ ಸಾಮಾನ್ಯವಾಗಿ ಸಿಗುವುದು 25.4 ಇಲ್ಲವೇ 30. ಬೆರಳು ತಾಗಿದರೆ 5 ಮಿಲಿಸೆಕೆಂಡಿನೊಳಗೆ ಬ್ಲೇಡ್ ನಿಲ್ಲಿಸುವ ಸಾಸ್ಟಾಪ್ ಕಂಪನಿಯ ಮೆಷಿನ್ ನೋಡಿ ಆಸೆಯಾಗಿರಬೇಕು, ನನಗೂ ಆಗಿದೆ. ಆದರೆ ಒಂದು ಸಲ ಬ್ರೇಕ್ ಬಿದ್ದರೆ ಆ ಬ್ರೇಕಿನ ಕಾರ್ಟ್ರಿಡ್ಜ್ ಹೊಸದು ಹಾಕಬೇಕು, ಬ್ಲೇಡೂ ಹೋಯಿತು ಅಂತಲೇ ಲೆಕ್ಕ. ಪ್ರತಿ ಸಲ ಭಾವನಿಗೆ ಫೋನ್ ಮಾಡೋಕಾಗುತ್ತಾ?

ಉಳಿಸಿದ ದುಡ್ಡನ್ನು ಬ್ಲೇಡಿಗೆ ಹಾಕಿ. ತೇಗ ಉದ್ದಕ್ಕೆ ಸೀಳಲು 24 ಹಲ್ಲು, ಪ್ಲೈವುಡ್ಡಿಗೆ 60 ಹಲ್ಲು, ಎರಡೂ ಕಾರ್ಬೈಡ್. ತೇಗದಲ್ಲಿ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ, ಸಾಣೆ ಹಿಡಿಯುವವರು ಊರಲ್ಲಿ ಯಾರಿದ್ದಾರೆ ಅಂತ ಈಗಲೇ ವಿಚಾರಿಸಿ.

ಹಳೇ ಸರ್ಕ್ಯುಲರ್ ಸಾ ಮಾರಬೇಡಿ. 18 ಮಿ.ಮೀ. ಪೂರ್ತಿ ಹಾಳೆ 30 ಕೆ.ಜಿ. ದಾಟುತ್ತದೆ, ಒಬ್ಬರೇ ಪೋರ್ಟಬಲ್ ಮೇಲೆ ತಳ್ಳಿದರೆ ಮೆಷಿನ್ನೇ ವಾಲುತ್ತದೆ. ನೆಲದ ಮೇಲೆ ಥರ್ಮೋಕೋಲ್ ಹಾಸಿ, ಹಾಳೆ ಮಲಗಿಸಿ, ನೇರ ಪಟ್ಟಿಗೆ ಸಾ ಒತ್ತಿ ಹಿಡಿದು ಮೊದಲು ಒಂದೆರಡು ಸೆಂಟಿಮೀಟರ್ ಜಾಸ್ತಿ ಬಿಟ್ಟು ತುಂಡು ಮಾಡಿಕೊಳ್ಳಿ. ಪಕ್ಕಾ ಅಳತೆ ಆಮೇಲೆ ಟೇಬಲ್ ಮೇಲೆ.