ತಂತು ಎಂಬ ಹೆಸರೊಂದೇ, ವಸ್ತು ಎರಡು

ಮಾಸ್ತರರಿಗೆ ವಿಜಯಪುರದಿಂದ ಶರಣು.

‘ವಿಶ್ವತಂತು: ತಂತು ಸಿದ್ಧಾಂತದ ಪುರಾವೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿದ್ದ ಹಾಗೆ ನಮ್ಮ ಮಾಸಿಕದಲ್ಲಿ ಹಾಕಲಾರೆ. ಮರಳಿಸಿ ಸುಮ್ಮನಿರಲೂ ಮನಸ್ಸಾಗಲಿಲ್ಲ.

ಹೆಸರು ಒಂದೇ ಎಂದು ಎರಡು ವಸ್ತುಗಳನ್ನು ನೀವು ಒಂದು ಮಾಡಿದ್ದೀರಿ. ತಂತು ಸಿದ್ಧಾಂತದ ತಂತು ಎಂದರೆ ಮೂಲವಸ್ತು. ಅದರ ಕಂಪನವೇ ನಮಗೆ ಕಣವಾಗಿ ಕಾಣುತ್ತದೆ. ವಿಶ್ವತಂತುವಿನ ಹುಟ್ಟೇ ಬೇರೆ. 1976ರಲ್ಲಿ ಭೌತವಿಜ್ಞಾನಿ ಟಾಮ್ ಕಿಬಲ್ ಅದನ್ನು ಮುಂದಿಟ್ಟಾಗ ತಂತು ಸಿದ್ಧಾಂತದ ಹಂಗು ಅವರಿಗಿರಲಿಲ್ಲ. ಎಳೆಯ ವಿಶ್ವ ತಣಿಯುವಾಗ ದೂರದೂರದ ಭಾಗಗಳು ತಮ್ಮ ಪಾಡಿಗೆ ಬೇರೆ ಬೇರೆ ಸ್ಥಿತಿಗೆ ಇಳಿದಿದ್ದರೆ, ಅವು ಒಂದಕ್ಕೊಂದು ಹೊಂದದ ಕಡೆ ಗೆರೆಯಂಥ ದೋಷ ಉಳಿಯಬೇಕು ಎಂಬುದು ಅವರ ವಾದ. ಆ ಗೆರೆಯೇ ವಿಶ್ವತಂತು. ಪ್ರೋಟಾನಿಗಿಂತ ಎಷ್ಟೋ ತೆಳು. ಆದರೂ ಒಂದೇ ಮೀಟರಿನ ತೂಕ, ಕೆಲವು ಲೆಕ್ಕಗಳಲ್ಲಿ, 1ರ ಮುಂದೆ 21 ಸೊನ್ನೆ ಇಟ್ಟಷ್ಟು ಕಿಲೋ.

ಇದಕ್ಕೆ ನೀವು ಕೊಟ್ಟ ಸಿತಾರಿನ ತಂತಿಯ ಹೋಲಿಕೆ ಯಾಕ್ರಿ? ನೀವು ಡೋಣಿ ಹೊಳೆಯ ದಂಡೆಯವರು. ಬೇಸಿಗೆಯಲ್ಲಿ ಎರೆಹೊಲ ಒಣಗುತ್ತ ಅಲ್ಲಲ್ಲಿ ತನ್ನಷ್ಟಕ್ಕೆ ಕುಗ್ಗಿ ನಡುವೆ ಬಿರಿಯುವುದನ್ನು ನಿಮ್ಮಷ್ಟು ಕಂಡವರು ಯಾರು? ಹೋಲಿಕೆ ಪೂರ್ತಿ ಕೂಡದಿದ್ದರೂ ಓದುಗ ಕೈಗೆ ಸಿಗುತ್ತಾನೆ.

ಎರಡು ತಂತುಗಳು ಹತ್ತಿರ ಬಂದ ಕಥೆಯೇ ಲೇಖನದ ಜೀವ. ಅದನ್ನು ಐದನೇ ಪುಟದಲ್ಲಿ ಒಂದು ವಾಕ್ಯಕ್ಕೆ ಮುಗಿಸಿದ್ದೀರಿ. ತಂತು ಸಿದ್ಧಾಂತದ ಮೂಲತಂತುಗಳೇ ವಿಶ್ವದುದ್ದಕ್ಕೆ ಚಾಚಿರಬಹುದೇ ಎಂದು ಆ ಸಿದ್ಧಾಂತದ ವಿಜ್ಞಾನಿ ಎಡ್ವರ್ಡ್ ವಿಟ್ಟನ್ 1985ರಲ್ಲಿ ಕೇಳಿ, ಆಗದು ಎಂದರು: ಬಿಗಿತ ವಿಪರೀತ, ಬಾಳಿಕೆಯೂ ಅನುಮಾನ. 2004ರಲ್ಲಿ ಕೋಪ್ಲಂಡ್, ಮೈಯರ್ಸ್, ಪೋಲ್ಚಿನ್ಸ್ಕಿ ಆ ಕದವನ್ನು ಮತ್ತೆ ತೆರೆದರು. ತಂತು ಸಿದ್ಧಾಂತ ಹೇಳುವ, ನಮ್ಮ ಕಣ್ಣಿಗೆ ಕಾಣದ ಹೆಚ್ಚಿನ ಆಯಾಮಗಳು ಬಾಗಿದ ಬಗೆಗೆ ತಕ್ಕಂತೆ ಬಿಗಿತ ಇಳಿಯಬಹುದು, ಕೆಲವು ತಂತುಗಳು ಉಳಿಯಲೂಬಹುದು ಎಂದರು.

ಹಾಗಿದ್ದರೂ ವಿಶ್ವತಂತು ಸಿಕ್ಕಿತೆಂದ ಮಾತ್ರಕ್ಕೆ ತಂತು ಸಿದ್ಧಾಂತ ಗೆದ್ದಂತಲ್ಲ. ಗುರುತು ಹಿಡಿಯಬೇಕು. ಕಿಬಲ್ ಹೇಳಿದಂಥ ತಂತುಗಳು ಅಡ್ಡ ಹಾಯ್ದಾಗ ಬಹುಮಟ್ಟಿಗೆ ತುಂಡಾಗಿ ತುದಿ ಅದಲುಬದಲಾಗಿ ಕೂಡುತ್ತವೆ. ಮೂಲತಂತುಗಳಾದರೆ ಅನೇಕ ಸಲ ಒಂದರೊಳಗೊಂದು ಸುಮ್ಮನೆ ದಾಟಿಹೋಗಬಹುದು, ಮೂರು ಎಳೆ ಒಂದೇ ಗಂಟಿನಲ್ಲಿ ಸೇರಲೂಬಹುದು. ಈ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ನಡುವಿನ ವಿಶ್ವತಂತುವೊಂದು ಒಂದೇ ಗೆಲಾಕ್ಸಿಯನ್ನು ಎರಡಾಗಿ ತೋರಿಸುತ್ತಿದೆ ಎಂದು ಕೆಲವರು ಭಾವಿಸಿದ್ದ 2003ರ ಜೋಡಿ ಬಿಂಬವನ್ನು ಸಾಕ್ಷಿಯೆಂದು ಕೊಟ್ಟದ್ದನ್ನು ತೆಗೆಯಿರಿ. ಅವು ಎರಡು ಬೇರೆ ಗೆಲಾಕ್ಸಿಗಳೆಂದು ಹಬಲ್ ದೂರದರ್ಶಕ 2006ರಲ್ಲಿ ತೋರಿಸಿತು. ವಿಶ್ವತಂತು ಇದೆಯೆಂಬುದು ಇನ್ನೂ ಖಚಿತವಾಗಿಲ್ಲ.

ವಿಟ್ಟನ್ ಕೇಳಿದ ಪ್ರಶ್ನೆಯಿಂದ ಶುರುಮಾಡಿ ಮತ್ತೊಮ್ಮೆ ಬರೆಯಿರಿ. ನಾಲ್ಕು ಪುಟ ಸಾಕು. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.