ತಂತ್ರಾಂಶಗಳು ಮತ್ತೆ ಮತ್ತೆ ಕ್ರ್ಯಾಶ್ ಆಗುತ್ತಿವೆ: ದೋಷ ಯಂತ್ರದಲ್ಲಿರಬಹುದೇ?

ಪ್ರಶ್ನೆ: ಮಾನ್ಯರೇ, ನಾನು ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಮದುವೆಯ ಆಮಂತ್ರಣ ಪತ್ರಿಕೆಗಳ ಡಿಟಿಪಿ ಕೆಲಸ ಮಾಡುತ್ತೇನೆ. ಏಳು ವರ್ಷ ಹಳೆಯದಾದ ನನ್ನ ಕಂಪ್ಯೂಟರಿಗೆ ಮೂರು ತಿಂಗಳ ಹಿಂದೆ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿದೆ. ಕೆಲವು ವಾರಗಳಿಂದ ಒಮ್ಮೆ ಕೋರೆಲ್‌ಡ್ರಾ, ಇನ್ನೊಮ್ಮೆ ಬ್ರೌಸರ್, ಮತ್ತೊಮ್ಮೆ ಪಿಡಿಎಫ್ ತೆರೆಯುವ ತಂತ್ರಾಂಶ ತಾನಾಗಿಯೇ ಮುಚ್ಚಿಕೊಳ್ಳುತ್ತಿದೆ. ಆಗಾಗ ನೀಲಿ ಪರದೆಯೂ ಬರುತ್ತದೆ. ಎರಡು ಸಲ ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ ಹೊಸದಾಗಿ ಹಾಕಿಸಿದರೂ ಪ್ರಯೋಜನವಾಗಲಿಲ್ಲ. ರಿಪೇರಿಯವರು ಮದರ್‌ಬೋರ್ಡ್ ಬದಲಿಸಬೇಕೆನ್ನುತ್ತಿದ್ದಾರೆ. ಏನು ಮಾಡಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮದರ್‌ಬೋರ್ಡಿಗೆ ಈಗಲೇ ಹಣ ಸುರಿಯಬೇಡಿ. ತಂತ್ರಾಂಶದಲ್ಲೇ ದೋಷವಿದ್ದರೆ, ಅದೇ ಫೈಲು ತೆರೆದು ಅದೇ ಕೆಲಸ ಮಾಡಿದಾಗ ಅದು ಬಹುಮಟ್ಟಿಗೆ ಅದೇ ಜಾಗದಲ್ಲಿ ಎಡವುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ತಂತ್ರಾಂಶಗಳು ಹೊತ್ತುಗೊತ್ತಿಲ್ಲದೆ ನಿಲ್ಲುತ್ತಿದ್ದು, ಫಾರ್ಮ್ಯಾಟ್ ಮಾಡಿದ ಮೇಲೂ ಅದು ಮುಂದುವರಿದಿದ್ದರೆ, ಅವೆಲ್ಲವೂ ನೆಚ್ಚಿಕೊಂಡಿರುವ ಯಂತ್ರಾಂಶವನ್ನೇ ಮೊದಲು ಅನುಮಾನಿಸಬೇಕಾಗುತ್ತದೆ. ಅದರಲ್ಲಿಯೂ ಈ ತೊಂದರೆ ಹೊಸ ರ‍್ಯಾಮ್ ಬಂದ ಮೇಲೆ ಕಾಣಿಸಿಕೊಂಡಿರುವುದರಿಂದ ನನ್ನ ಮೊದಲ ಅನುಮಾನ ಅದರ ಮೇಲೆಯೇ.

ಪರೀಕ್ಷೆಗೆ ಮುನ್ನ ನಿಮ್ಮ ಕೆಲಸದ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆದರೆ ಹಳೆಯ ಬ್ಯಾಕಪ್ಪಿನ ಮೇಲೆ ಬರೆಯದೆ ಬೇರೊಂದು ಫೋಲ್ಡರಿನಲ್ಲಿಡಿ. ಕೆಟ್ಟ ರ‍್ಯಾಮ್ ತಂತ್ರಾಂಶವನ್ನು ನಿಲ್ಲಿಸಿದರೆ ಅದು ಕಣ್ಣಿಗಾದರೂ ಬೀಳುತ್ತದೆ. ನಿಲ್ಲಿಸದೆ ಮಾಹಿತಿಯನ್ನಷ್ಟೇ ಬದಲಿಸಿದರೆ ಯಾರಿಗೂ ತಿಳಿಯುವುದಿಲ್ಲ. ಕಂಪ್ಯೂಟರಿನ ಸಂಕೇತದಲ್ಲಿ 1 ಎಂಬ ಅಂಕಿಗೂ 3 ಎಂಬ ಅಂಕಿಗೂ ಇರುವ ವ್ಯತ್ಯಾಸ ಒಂದೇ ಒಂದು ಬಿಟ್, ಅಂದರೆ 0 ಅಥವಾ 1 ಆಗಿರುವ ಒಂದೇ ಒಂದು ಸ್ಥಾನ. ಆ ಬಿಟ್ ತಿರುಗಿದರೆ 10-15ರ ಮುಹೂರ್ತ 10-35 ಎಂದು ಅಚ್ಚಾಗಬಹುದು. ಆದ್ದರಿಂದ ದೋಷ ಸಿಗುವವರೆಗೆ ಅಚ್ಚಿಗೆ ಹೋಗುವ ಪ್ರತಿಯೊಂದು ಕರಡನ್ನೂ ಮೂಲದೊಂದಿಗೆ ಓದಿ ತಾಳೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವಿದೆ. ಪೆನ್ ಡ್ರೈವಿನಿಂದ ಬೂಟ್ ಮಾಡಿದರೆ ಅದು ವಿಂಡೋಸಿನ ನೆರವಿಲ್ಲದೆ ನಡೆಯುತ್ತದೆ. ಸಂಜೆ ಅಂಗಡಿ ಮುಚ್ಚುವಾಗ ಶುರು ಮಾಡಿ, ಬೆಳಿಗ್ಗೆಯವರೆಗೆ, ಕನಿಷ್ಠ ನಾಲ್ಕು ಸುತ್ತು ಓಡಲು ಬಿಡಿ. ಒಂದೇ ಒಂದು ದೋಷ ಕಂಡರೂ ಅದನ್ನು ಕಡೆಗಣಿಸುವಂತಿಲ್ಲ. ರ‍್ಯಾಮ್ ದೋಷಗಳಿಗೆ ಬಾಹ್ಯಾಕಾಶದಿಂದ ಬರುವ ಕಣಗಳು ಕಾರಣವೆಂದು ಹೇಳುವುದುಂಟು. ಆದರೆ ಗೂಗಲ್ ತನ್ನ ಸರ್ವರುಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರತಿ ವರ್ಷ ನೂರರಲ್ಲಿ ಎಂಟಕ್ಕೂ ಹೆಚ್ಚು ರ‍್ಯಾಮ್‌ಗಳಲ್ಲಿ ದೋಷ ಕಂಡುಬಂದಿತ್ತು, ಮತ್ತು ಅವುಗಳಲ್ಲಿ ಹೆಚ್ಚಿನವು ಚಿಪ್ಪಿನದೇ ಕಾಯಂ ದೋಷಗಳೆಂಬ ಸೂಚನೆಯಿತ್ತು. ಅಂಥವು ತಾವಾಗಿ ಸರಿಹೋಗುವುದಿಲ್ಲ.

ದೋಷ ಕಂಡರೆ ಕಂಪ್ಯೂಟರನ್ನು ಆರಿಸಿ, ಪವರ್ ಕೇಬಲ್ ಕಿತ್ತು, ಒಂದೊಂದೇ ರ‍್ಯಾಮನ್ನು ಒಂದೇ ಸ್ಲಾಟಿನಲ್ಲಿಟ್ಟು ಬೇರೆ ಬೇರೆಯಾಗಿ ಪರೀಕ್ಷಿಸಿ. ಎರಡೂ ಅದೇ ಸ್ಲಾಟಿನಲ್ಲಿ ಮಾತ್ರ ಎಡವಿದರೆ ತಪ್ಪು ಸ್ಲಾಟಿನದು. ಬಿಡಿಬಿಡಿಯಾಗಿ ಸರಿಯಿದ್ದು ಜೊತೆಯಾದಾಗ ಮಾತ್ರ ಕೆಡುತ್ತಿದ್ದರೆ ಅವೆರಡಕ್ಕೂ ಹೊಂದಾಣಿಕೆಯಿಲ್ಲವೆಂದು ಅರ್ಥ. ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಬಯಾಸ್ ಎಂಬ ಮೂಲ ಸೆಟ್ಟಿಂಗಿನಲ್ಲಿ ಎಕ್ಸ್‌ಎಂಪಿಯನ್ನು (ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಆಯ್ಕೆ) ಆಫ್ ಮಾಡಿ ವೇಗ ತಗ್ಗಿಸಿದರೆ ಇದು ಎಷ್ಟೋ ಸಲ ನಿಲ್ಲುತ್ತದೆ. ಹೊಸ ರ‍್ಯಾಮೇ ಕೆಟ್ಟಿದ್ದರೆ ದೋಷದ ಪರದೆಯ ಫೋಟೋ ಹಾಗೂ ಬಿಲ್ ಹಿಡಿದು ಕೊಂಡ ಅಂಗಡಿಗೇ ಹೋಗಿ, ಏಕೆಂದರೆ ರ‍್ಯಾಮಿಗೆ ಹಲವು ವರ್ಷಗಳ ವಾರಂಟಿ ಇರುವುದು ಸಾಮಾನ್ಯ.

ರ‍್ಯಾಮ್ ನಿರ್ದೋಷಿಯಾದರೆ ಮುಂದಿನ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯ ಮೇಲೆ. ಅದರ 12 ವೋಲ್ಟ್ ತಂತಿಯಲ್ಲಿ, ಭಾರದ ಕೆಲಸ ನಡೆಯುತ್ತಿರುವಾಗಲೂ, 11.4ರಿಂದ 12.6 ವೋಲ್ಟ್‌ವರೆಗೆ ಇರಬೇಕು. ಇದನ್ನು ನೀವೇ ಅಳೆಯಲು ಹೋಗದೆ, ತಿಳಿದವರಿಂದ ಇನ್ನೊಂದು ಎಸ್‌ಎಂಪಿಎಸ್ ಎರವಲು ಪಡೆದು ಎರಡು ದಿನ ನಡೆಸಿ ನೋಡುವುದು ಸುರಕ್ಷಿತ. ಯಂತ್ರದ ಆಗುಹೋಗುಗಳ ದಾಖಲೆ ತೋರಿಸುವ ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ಕರ್ನಲ್-ಪವರ್ 41 ಎಂದು ಕಂಡರೆ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ತೀರ್ಮಾನಿಸುವವರಿದ್ದಾರೆ, ಅದು ಸರಿಯಲ್ಲ. ಯಂತ್ರ ಕ್ರಮವಾಗಿ ಆರದೆ ನಿಂತಿತು ಎಂದಷ್ಟೇ ಅದು ಹೇಳುತ್ತದೆ, ಕರೆಂಟ್ ಹೋದಾಗಲೂ ಅದೇ ದಾಖಲಾಗುತ್ತದೆ. ಡಬ್ಲ್ಯೂಎಚ್‌ಇಎ-ಲಾಗರ್ ಹೆಸರಿನ ದಾಖಲೆ ಸಿಕ್ಕರೆ ಮಾತ್ರ ಅದು ಯಂತ್ರಾಂಶದತ್ತ ನೇರವಾಗಿ ಬೆರಳು ತೋರಿಸುತ್ತದೆ.

ಡಿಸ್ಕಿನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್‌ಫೋದಲ್ಲಿ ಐದು ನಿಮಿಷದಲ್ಲಿ ನೋಡಬಹುದು. ದೊಡ್ಡ ಫೈಲನ್ನು ರಫ್ತು ಮಾಡುವಾಗ ಮಾತ್ರ ತೊಂದರೆಯಾಗುತ್ತಿದ್ದರೆ ಪ್ರೊಸೆಸರ್ ಫ್ಯಾನಿನ ಧೂಳು ತೆಗೆಸಿ. 2024ರಲ್ಲಿ ಇಂಟೆಲ್ ತನ್ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಹೆಚ್ಚಿನ ವೋಲ್ಟೇಜಿನಿಂದ ಅಸ್ಥಿರವಾಗುತ್ತಿವೆಯೆಂದು ಒಪ್ಪಿ ಬಯಾಸ್ ಪರಿಷ್ಕರಣೆ ಕೊಟ್ಟಿತ್ತು. ನಿಮ್ಮ ಯಂತ್ರ ಅದಕ್ಕಿಂತ ಹಳೆಯದಾದ್ದರಿಂದ ಆ ಚಿಂತೆ ನಿಮಗಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ದಿನಾಂಕ ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಇವೆಲ್ಲವೂ ಸರಿಯಿದ್ದು ಕ್ರ್ಯಾಶ್ ಮಾತ್ರ ನಿಲ್ಲದಿದ್ದರೆ, ಆಗ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಸುತ್ತಲಿನ ಕೆಪಾಸಿಟರುಗಳ ತಲೆ ಉಬ್ಬಿದೆಯೇ ಎಂದು ರಿಪೇರಿಯವರಿಂದ ತೋರಿಸಿಕೊಂಡು, ಬದಲಿಸುವ ಮಾತನ್ನಾಡಿ.