ಬಣ್ಣದ ಪುಸ್ತಕ ತಳ್ಳಿದ ಅವ್ವ

ಪ್ರಶ್ನೆ: ಅವ್ವನಿಗೆ 78 ವರ್ಷ. ಊರು ಗುಳೇದಗುಡ್ಡ. ಎಂಟು ತಿಂಗಳಿಂದ ಬಾಗಲಕೋಟೆಯ ವೃದ್ಧಾಶ್ರಮದಲ್ಲಿದ್ದಾಳೆ. ನನ್ನ ಮಗಳು ಬಸುರಿ, ಓಡಾಟ ಜಾಸ್ತಿ, ವಾರಕ್ಕೊಮ್ಮೆ ಹೋಗಿ ಬರುತ್ತೇನೆ. ಅವ್ವನ ಮಾತು ಕಡಿಮೆಯಾಗಿದೆ. ಅಲ್ಲಿ ಬಣ್ಣ ತುಂಬುವ ಪುಸ್ತಕ ಕೊಟ್ಟರೆ, 'ಇದನ್ನ ಸಾಲಿ ಹುಡುಗರಿಗೆ ಕೊಡ್ರಿ' ಎಂದು ತಳ್ಳಿಬಿಟ್ಟಳು. ಇಂಥದ್ದರಿಂದ ಮನಸ್ಸಿಗೆ ನಿಜಕ್ಕೂ ಅನುಕೂಲ ಇದೆಯಾ? ಒತ್ತಾಯ ಮಾಡಲಾ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಒತ್ತಾಯ ಬೇಡ. ಅವ್ವ ಹೇಳಿದ್ದು ಸರಿಯಾಗೇ ಇದೆ. ಇಷ್ಟು ವರ್ಷ ಮನೆ ನಡೆಸಿದ ಕೈಗೆ ಮೊಲದ ಚಿತ್ರ ಕೊಟ್ಟರೆ ಯಾರಿಗಾದರೂ ನೋವಾಗುತ್ತದೆ, ಅಲ್ವಾ?

ಅನುಕೂಲ ಖಂಡಿತ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಕಲೆಯಿಂದ ಮನಸ್ಸಿನ ಆರೋಗ್ಯಕ್ಕೆ ನೆರವಾಗುತ್ತದೆ ಎಂದಿತು. ಅವ್ವನಿಗೆ ಒಗ್ಗುವ ಕೆಲಸ ಯಾವುದು ಅನ್ನೋದನ್ನು ನಾವು ಹುಡುಕಬೇಕು.

ನಮ್ಮ ಕಡೆ ಆ ವಯಸ್ಸಿನವರಲ್ಲಿ ಕೌದಿ ಹೊಲಿಯದವರು ಅಪರೂಪ. ಮುಂದಿನ ವಾರ ನಾಲ್ಕು ಹಳೇ ಸೀರೆ, ಖಣದ ತುಂಡು, ದಪ್ಪ ದಾರ, ದೊಡ್ಡ ಕಣ್ಣಿನ ಸೂಜಿ ಒಯ್ಯಿರಿ. 'ಅವ್ವಾ, ಹುಟ್ಟೋ ಕೂಸಿಗೆ ಕೌದಿ ಬೇಕು' ಅನ್ನಿ. ಅದು ನಿಮಗೆ ನಿಜವಾಗಿ ಬೇಕಾಗಿರಲಿ. ಸುಮ್ನೆ ಕೇಳಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ವಾರಗಟ್ಟಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಅಜ್ಜಿಯೊಬ್ಬರನ್ನು ನೋಡಿದ್ದೇನೆ. ಪಕ್ಕದವರ ಹೊಲಿಗೆ ಕಂಡು ಎದ್ದು ಕೂತರು. 'ಇಷ್ಟ ದೂರ ದೂರ ಹೊಲದ್ರ ಎರಡ ಸಲ ಒಗದ್ರ ಹರೀತದ' ಎಂದರು. ಇಳಕಲ್ ಸೀರೆಯ ಸೆರಗನ್ನು ಹೆಬ್ಬೆರಳಿನಿಂದ ಸವರುತ್ತಾ, ಅಂಥದ್ದೇ ಸೀರೆ ತಾವು ಯಾರ ಮದುವೆಯಲ್ಲಿ ಉಟ್ಟಿದ್ದೆವು ಅಂತ ಶುರು ಮಾಡಿದರು. ಅರ್ಧ ತಾಸು ಮಾತು ನಿಲ್ಲಲಿಲ್ಲ. ಕೈ ಕಲಿತದ್ದು ಮರೆವಿನ ಕಾಯಿಲೆ ಬಂದರೂ ಬಹಳ ದಿನ ಉಳಿಯುತ್ತದೆ.

ಕಸೂತಿ ಮಾತ್ರ ಬೇಡ. ಗವಂತಿ, ಮುರ್ಗಿ ಎಲ್ಲಾ ಎಳೆ ಎಣಿಸಿ ಹಾಕುವ ಹೊಲಿಗೆ. ಪೊರೆ ಬಂದ ಕಣ್ಣಿಗೆ ಆಗದು, ಬೇಜಾರಾಗುತ್ತದೆ. ಬೆರಳು ಬಿಗಿದಿದ್ದರೆ ಸೂಜಿಯೂ ಬೇಡ, ತುಂಡು ಜೋಡಿಸಿ ಬಣ್ಣ ಹೊಂದಿಸಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸಿ ಇಟ್ಟು ನೋಡಿ, ಗಂಡಸರೂ ಬಂದು ಕೂರುತ್ತಾರೆ.

ಬೆಳಿಗ್ಗೆ ನಾಷ್ಟಾ ಆದ ಮೇಲೆ, ಬೆಳಕಿರುವ ಕಡೆ, ಮುಕ್ಕಾಲು ತಾಸು ಸಾಕು. ಸೂಜಿಗಳನ್ನು ಆಶ್ರಮದವರು ಎಣಿಸಿ ಕೊಟ್ಟು, ಎಣಿಸಿ ವಾಪಸ್ ತಗೊಳ್ಳಲಿ. ಸ್ಪರ್ಧೆ, ಬಹುಮಾನ ಬೇಡವೇ ಬೇಡ.

ಎರಡು ವಾರದಿಂದ ಊಟ, ನಿದ್ದೆ ಕೆಟ್ಟಿದ್ದರೆ, 'ಸಾಕಾಗೇದ, ಹೋಗಿಬಿಡಬೇಕು' ಅನ್ನುತ್ತಿದ್ದರೆ ಕೌದಿ ಸಾಲದು. ತಡ ಮಾಡದೆ ಮನೋವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಾಗೇ ಕಿವಿಯನ್ನೂ ಪರೀಕ್ಷೆ ಮಾಡಿಸಿ. ಕಿವಿ ಮಂದವಾದವರೂ ಹೀಗೇ ಮಾತು ಬಿಡುತ್ತಾರೆ.